ತೋಟದ ಕೆಲಸಕ್ಕೆ ಪಿಕಪ್ ಕೊಳ್ಳುತ್ತಿದ್ದೀರಾ? ಮೊದಲು ಹೊರೆಯ ಲೆಕ್ಕ ಹಾಕಿ

ತೋಟ, ಜಮೀನಿನ ಕೆಲಸಕ್ಕೆ ಪಿಕಪ್ ಕೊಳ್ಳುವವರು ಎಂಜಿನ್ ಶಕ್ತಿಗಿಂತ ಮೊದಲು ಹೊರೆ ಸಾಮರ್ಥ್ಯ ನೋಡಬೇಕು. 2022ರಲ್ಲಿ ಭಾರತಕ್ಕೆ ಬಂದ ಟೊಯೋಟಾ ಹೈಲಕ್ಸ್‌ನಲ್ಲಿ 2.8 ಲೀಟರ್ ಡೀಸೆಲ್ ಎಂಜಿನ್, 204 ಪಿಎಸ್ ಶಕ್ತಿ, 4x4 ಸೌಲಭ್ಯ ಇವೆ. ಆದರೆ ಅದು ಹೊರುವುದು ಸುಮಾರು ಅರ್ಧ ಟನ್. ಮಹೀಂದ್ರಾ ಬೊಲೆರೊ ಮ್ಯಾಕ್ಸ್ ಪಿಕಪ್ ಮಾದರಿಗೆ ತಕ್ಕಂತೆ 1.3ರಿಂದ 2 ಟನ್ ಹೊರುತ್ತದೆ. ಸಾಮಾನ್ಯ ಮಾದರಿಗಳಲ್ಲಿ ಎಂಜಿನ್ ಬಲ ಹಿಂದಿನ ಚಕ್ರಗಳಿಗಷ್ಟೇ.

ಮಳೆಗಾಲದ ಕೆಸರು, ಕಡಿದಾದ ಏರು ಇದ್ದರೆ ಲೋ-ರೇಂಜ್ ಗೇರ್ ಇರುವ 4x4 ಆರಿಸಿ. ಗೊಬ್ಬರ, ಸಿಮೆಂಟ್ ಸಾಗಣೆಯೇ ಹೆಚ್ಚಾದರೆ ಹೊರೆ ಪಿಕಪ್ ಒಳ್ಳೆಯದು. 50 ಕೆಜಿಯ 20 ಚೀಲ ಸೇರಿದರೆ ಒಂದು ಟನ್ ಎಂಬುದು ನೆನಪಿರಲಿ. ವಾಹನದ ಒಟ್ಟು ತೂಕದ ಮಿತಿಯಲ್ಲಿ ಕುಳಿತವರ ತೂಕವೂ ಸೇರುತ್ತದೆ. ಮಿತಿ ಮೀರಿದರೆ ಇಳಿಜಾರಿನಲ್ಲಿ ಬ್ರೇಕ್ ಕೈಕೊಡಬಹುದು.