ಸಂಕಮ್ಮನ ಸಾಲು: ಕಂಸಾಳೆಯ ಕಥನ ಮತ್ತು ಕುಣಿತ

ಕಥೆಯೊಂದು ನೃತ್ಯರೂಪಕವಾಗುವಾಗ ಮಾತಿನ ಸ್ಥಾನವನ್ನು ದೇಹ ಪಡೆಯುತ್ತದೆ. ಫ್ರಾನ್ಸಿನ ಪೆರೋ 1697ರಲ್ಲಿ ಪ್ರಕಟಿಸಿದ ನಿದ್ರಾಸುಂದರಿಯ ಕಥೆಯು ಚೈಕೋವ್‌ಸ್ಕಿಯ ಸಂಗೀತ ಹಾಗೂ ಪೆಟಿಪಾನ ನೃತ್ಯಸಂಯೋಜನೆಯಲ್ಲಿ 1890ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ರಂಗವೇರಿದಾಗ ನಡೆದುದು ಇದೇ. ಶಾಪಕ್ಕೊಳಗಾಗಿ ನಿದ್ರಿಸುವ ರಾಜಕುಮಾರಿಗೆ ಮಾತು ಅನಿವಾರ್ಯವಾಗಿರಲಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಹಾಡಲಾಗುವ ಮಲೆಯ ಮಾದೇಶ್ವರ ಕಾವ್ಯದ ಸಂಕಮ್ಮನ ಸ್ಥಿತಿ ಇದಕ್ಕಿಂತ ಭಿನ್ನವಾದುದು.

‘ಸಂಕಮ್ಮನ ಸಾಲಿ’ನಲ್ಲಿ ಸೋಲಿಗರ ನೀಲೇಗೌಡನು ಜೇನು ಕೀಳಲು ಕಾಡಿಗೆ ಹೊರಡುವ ಮುನ್ನ ಮಡದಿಯಿಂದ ಪಾತಿವ್ರತ್ಯದ ಭಾಷೆ ಕೇಳುತ್ತಾನೆ. ಆಕೆ ಕೊಡಲೊಪ್ಪುವುದಿಲ್ಲ. ಆತ ಅವಳನ್ನು ಹಿಂಸಿಸಿ, ಗುಡಿಸಲಿನಲ್ಲಿ ಬಂಧಿಸಿ ಹೋಗುತ್ತಾನೆ. ಜಂಗಮನಾಗಿ ಬಂದ ಮಾದಪ್ಪನು ಅವಳನ್ನು ಬಿಡಿಸಿ ಮಕ್ಕಳ ವರ ನೀಡುತ್ತಾನೆ. ಮರಳಿದ ಗಂಡ ಅವಳನ್ನು ಸತ್ಯಪರೀಕ್ಷೆಗೆ ಒಡ್ಡುತ್ತಾನೆ, ಆಕೆ ಗೆಲ್ಲುತ್ತಾಳೆ. ಕಾರಯ್ಯ, ಬಿಲ್ಲಯ್ಯ ಅವಳ ಮಕ್ಕಳು. ಭಾಷೆ ಕೊಡೆನೆಂಬ ಅವಳ ಮಾತೇ ಈ ಕಥನದ ಜೀವಾಳ.

ದೀಕ್ಷೆ ಪಡೆದ ದೇವರ ಗುಡ್ಡರು ಈ ಕಾವ್ಯದ ವಾರಸುದಾರರು. ಒಂದು ಕೈಯಲ್ಲಿ ಬಟ್ಟಲಿನಾಕಾರದ ತಾಳ, ಇನ್ನೊಂದರಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಇವೆರಡೂ ಸೇರಿ ಕಂಸಾಳೆ. ಕುಳಿತು ಹಾಡುವ ಪದ್ಧತಿಯಲ್ಲಿ ದಮ್ಮಡಿಯ ಗತಿಗೆ ಕಥೆ ಇರುಳಿಡೀ ಬೆಳೆಯುತ್ತದೆ. ಬೀಸು ಕಂಸಾಳೆಯಲ್ಲಿ ಕಲಾವಿದರು ನಿಂತು, ಬಾಗಿ, ತಾಳವನ್ನು ಮೈಸುತ್ತ ಬೀಸುತ್ತಾರೆ. ಅಲ್ಲಿ ಹಾಡು ಕುಣಿತದ ವೇಗಕ್ಕೆ ಅಧೀನವಾಗುತ್ತದೆ.

1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಪ್ರದೇಶವು ಕನ್ನಡ ನಾಡಿನೊಂದಿಗೆ ಕೂಡಿದ ಬಳಿಕ ಕಾವ್ಯದ ಸಂಗ್ರಹಕಾರ್ಯವೂ ಬೆಳೆಯಿತು. ಪಿ.ಕೆ. ರಾಜಶೇಖರ ಅವರ ಸಂಗ್ರಹ 1973ರಲ್ಲಿ ಪ್ರಕಟವಾಯಿತು. ಕೆ. ಕೇಶವನ್ ಪ್ರಸಾದ್ ಅವರು ಹೆಬ್ಬಣಿ ಮಾದಯ್ಯ ತಂಡದಿಂದ ಸಂಗ್ರಹಿಸಿದ ಪಾಠದ ಇಂಗ್ಲಿಷ್ ಅನುವಾದವನ್ನು 2001ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಹೊರತಂದಿತು. ಹೀಗೆ ಕಾವ್ಯ ಗ್ರಂಥಸ್ಥವಾಗುತ್ತಿದ್ದ ಕಾಲದಲ್ಲೇ ಕುಣಿತವು ದಸರಾ ಮೆರವಣಿಗೆಗೂ ಉತ್ಸವದ ವೇದಿಕೆಗೂ ಸಂದಿತು. ಕೆಲವೇ ನಿಮಿಷಗಳ ಆ ಅವಧಿಯಲ್ಲಿ ಉಳಿಯುವುದು ಸಾಹಸಮಯ ಭಂಗಿಗಳು. ಸಂಕಮ್ಮನ ಪ್ರತಿರೋಧಕ್ಕೆ ಅಲ್ಲಿ ಎಡೆಯಿಲ್ಲ.

ಚಲನಚಿತ್ರವೂ ಈ ಪರಂಪರೆಯನ್ನು ಬಳಸಿಕೊಂಡಿತು. 1996ರ ‘ಜನುಮದ ಜೋಡಿ’ಯಿಂದ ‘ಕೋಲುಮಂಡೆ’ ಪದ ನಾಡಿನಾದ್ಯಂತ ಜನಪ್ರಿಯವಾಯಿತು. 2020ರಲ್ಲಿ ಅದೇ ಪದದ ಹೊಸ ದೃಶ್ಯರೂಪವೊಂದು ಸಂಕಮ್ಮನನ್ನು ಅಶ್ಲೀಲವಾಗಿ ಚಿತ್ರಿಸಿದೆಯೆಂದು ಭಕ್ತರು ಪ್ರತಿಭಟಿಸಿದ್ದರಿಂದ ಅದನ್ನು ಹಿಂತೆಗೆಯಲಾಯಿತು. ಇದನ್ನು ಕೇವಲ ಭಕ್ತಿಭಾವನೆಯ ಪ್ರಶ್ನೆಯೆಂದು ನೋಡಲಾಗದು. ಶೀಲದ ಶಂಕೆಯನ್ನು ಎದುರಿಸಿ ಗೆದ್ದ ಹೆಣ್ಣನ್ನು ಮತ್ತೆ ನೋಟದ ವಸ್ತುವಾಗಿಸುವುದು ಕಥೆಯನ್ನೇ ತಲೆಕೆಳಗು ಮಾಡಿದಂತೆ.

ಕಲೆಯ ರೂಪಾಂತರ ಸಹಜವಾದುದು. ಅದನ್ನು ತಡೆಯುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಆದರೆ ಬೀಸು ಕಂಸಾಳೆಗೆ ವೇದಿಕೆ ಒದಗಿಸುವ ಸಂಸ್ಥೆಗಳು ಕುಳಿತು ಹಾಡುವ ಗುಡ್ಡರಿಗೂ ಒಂದು ಇರುಳನ್ನು ಮೀಸಲಿಡುವುದು ಅಗತ್ಯ. ಸಂಕಮ್ಮನ ಮಾತು ಉಳಿದಿರುವುದು ಅವರ ಕಂಠದಲ್ಲಿ.