ಮಂಗನ ಕಾಯಿಲೆ: ಒಂದು ರೋಗನಾಮದ ಷಷ್ಠೀ ಸಂಬಂಧ

1957ರ ಆರಂಭದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರಿಗೆ ಮೊದಲು ಬಂದ ಶಂಕೆ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳ ಸಾವು ಆ ಜ್ವರದ ಮುನ್ಸೂಚನೆಯಾಗಿದ್ದುದರಿಂದ ಆ ಶಂಕೆ ಸಹಜವೇ. ಆದರೆ ಪ್ರತ್ಯೇಕಿಸಿದ ವೈರಸ್ ರಷ್ಯಾದ ವಸಂತ-ಬೇಸಿಗೆಯ ಮಿದುಳು ಜ್ವರದ ವೈರಸ್ಸಿನ ಬಂಧುವೆಂದು ತಿಳಿದುಬಂತು. ಅದನ್ನು ಹರಡುವುದು ಉಣುಗು. ವಿಜ್ಞಾನಿಗಳು ರೋಗಕ್ಕೆ ಕಾಡಿನ ಹೆಸರನ್ನಿಟ್ಟರು, ಕನ್ನಡ ಅದನ್ನು 'ಮಂಗನ ಕಾಯಿಲೆ' ಎಂದಿತು. ಉಣುಗು ಎರಡರಲ್ಲಿಯೂ ಇಲ್ಲ.

ಕನ್ನಡದಲ್ಲಿ ಪ್ರಾಣಿವಾಚಕದಿಂದ ಆರಂಭವಾಗುವ ರೋಗನಾಮಗಳು ಹೇರಳ. ಅವುಗಳ ಪೂರ್ವಪದ ಮತ್ತು ಉತ್ತರಪದಗಳ ನಡುವಣ ಸಂಬಂಧ ಮಾತ್ರ ಒಂದೇ ಬಗೆಯದಲ್ಲ. ಆನೆಕಾಲು, ನಾಯಿಕೆಮ್ಮು, ಸರ್ಪಸುತ್ತು ಇವು ಸಾದೃಶ್ಯಮೂಲದವು: ಕಾಲು ಆನೆಯದರಂತೆ, ಕೆಮ್ಮು ನಾಯಿಯ ಬೊಗಳಿನಂತೆ, ಗುಳ್ಳೆಗಳ ಸಾಲು ಹಾವಿನ ಸುತ್ತಿನಂತೆ. ಇಲ್ಲಿ ಪ್ರಾಣಿಗೆ ರೋಗದೊಡನೆ ಯಾವ ಸಂಪರ್ಕವೂ ಇಲ್ಲ. ನಾಯಿಕೆಮ್ಮು ಬಂತೆಂದು ಯಾರೂ ನಾಯಿಯನ್ನು ದೂರುವುದಿಲ್ಲ. ಇಲಿ ಜ್ವರ, ಹಂದಿ ಜ್ವರ, ಹಕ್ಕಿ ಜ್ವರಗಳಲ್ಲಿ ಪೂರ್ವಪದವು ರೋಗದ ಮೂಲವನ್ನು ಸೂಚಿಸುತ್ತದೆ. ಕೊನೆಯ ಎರಡಂತೂ ಇಂಗ್ಲಿಷಿನ ಪಡಿಯಚ್ಚುಗಳು.

'ಮಂಗನ ಕಾಯಿಲೆ' ಈ ಎರಡೂ ಬಗೆಗಳಿಗೆ ಸೇರುವುದಿಲ್ಲ. ಷಷ್ಠೀ ಪ್ರತ್ಯಯವು ಲೋಪವಾಗದೆ ಉಳಿದಿರುವುದರಿಂದ ಇದು ಮೊದಲಿಗೆ 'ಮಂಗನಿಗೆ ಬರುವ ಕಾಯಿಲೆ' ಎಂಬ ಅರ್ಥವನ್ನೇ ಕೊಡುತ್ತದೆ, ಮತ್ತು ಆ ಅರ್ಥ ದಿಟವೂ ಹೌದು. ಆದರೆ ಅದೇ ರೂಪದ 'ಮಂಗನ ಬಾವು' ಊದಿದ ಕೆನ್ನೆಯ ಹೋಲಿಕೆಯಿಂದ ಹುಟ್ಟಿದ ಹೆಸರು. ರೂಪ ಒಂದೇ ಆಗಿದ್ದರೂ ಸಂಬಂಧ ಬೇರೆ. ಷಷ್ಠಿಯ ಈ ಸಡಿಲತೆಯಿಂದಾಗಿ 'ಮಂಗನಿಂದ ಬರುವ ಕಾಯಿಲೆ' ಎಂಬ ಮೂರನೆಯ ಅರ್ಥಕ್ಕೂ ಎಡೆಯಿದೆ. ಕೇಳುಗ ಆ ಮೂರನೆಯದನ್ನೇ ಹಿಡಿದರೆ ಅವನ ಎಚ್ಚರವೆಲ್ಲ ಮಂಗನ ಕಡೆಗೆ ಹೋಗುತ್ತದೆ, ಕಾಡಿನ ತರಗೆಲೆಯಲ್ಲಿರುವ ಉಣುಗಿನ ಕಡೆಗಲ್ಲ.

ವರ್ಗೀಕರಣದ ಚರಿತ್ರೆಯಲ್ಲಿಯೂ ಇಂತಹುದೇ ತೊಡಕಿದೆ. 1893ರಲ್ಲಿ ಜಾಕ್ ಬರ್ಟಿಲಾನ್ ಸಿದ್ಧಪಡಿಸಿದ ಮರಣಕಾರಣಗಳ ಪಟ್ಟಿಯೇ ಇಂದಿನ ಅಂತಾರಾಷ್ಟ್ರೀಯ ರೋಗ ವರ್ಗೀಕರಣದ ಪೂರ್ವಜ. 1948ರ ಆರನೆಯ ಪರಿಷ್ಕರಣದಿಂದ ಅದು ವಿಶ್ವ ಆರೋಗ್ಯ ಸಂಸ್ಥೆಯ ಹೊಣೆ. ಹತ್ತನೆಯ ಪರಿಷ್ಕರಣದಲ್ಲಿ ಕ್ಯಾಸನೂರು ಕಾಡಿನ ಕಾಯಿಲೆಯ ಸಂಕೇತ ಎ98.2. ಅದೇ ಗುಂಪಿನಲ್ಲಿರುವುದು ಎ98.0, ಕ್ರಿಮಿಯ-ಕಾಂಗೋ ರಕ್ತಸ್ರಾವ ಜ್ವರ. ಅದರ ವೈರಸ್ ಬೇರೆಯೇ ಕುಲದ್ದು. 1957ರಲ್ಲಿ ಬಂಧುವೆಂದು ಗುರುತಿಸಿದ ರಷ್ಯಾದ ಮಿದುಳು ಜ್ವರವಾದರೋ ದೂರದ ಎ84ರಲ್ಲಿದೆ. ಅಂದರೆ ಇಲ್ಲಿ ಲಕ್ಷಣವು ಕುಲವನ್ನು ಮೀರಿದೆ. ಇದನ್ನು ದೋಷವೆನ್ನಲಾಗದು, ರೋಗಿಯ ಮುಂದೆ ನಿಂತ ವೈದ್ಯನಿಗೆ ಮೊದಲು ಕಾಣುವುದು ಲಕ್ಷಣವೇ. ರೋಗಗಳಿಗೆಲ್ಲ ಸ್ಥಿರವಾದ ಹೆಸರುಗಳಿಲ್ಲ, ಆದ್ದರಿಂದ ಹೆಸರು ತಿಳಿಯದ ವೈದ್ಯ ನಾಚಬೇಕಿಲ್ಲ ಎಂಬ ನಿಲುವು ಚರಕಸಂಹಿತೆಯ ಸೂತ್ರಸ್ಥಾನದಲ್ಲಿದೆ. ಅಂಕಿಅಂಶ ಕಲೆಹಾಕುವವನಿಗೆ ಆ ಸ್ವಾತಂತ್ರ್ಯವಿಲ್ಲ: ಹೆಸರಿಲ್ಲದ ಸಾವನ್ನು ಅವನು ಎಣಿಸಲಾರ.

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೊಸ ರೋಗಗಳ ನಾಮಕರಣಕ್ಕೆ ಮಾರ್ಗಸೂಚಿ ಹೊರಡಿಸಿ ಸ್ಥಳ, ವ್ಯಕ್ತಿ, ಪ್ರಾಣಿಗಳ ಹೆಸರು ಬೇಡವೆಂದಿತು. ಆ ಅಳತೆಯಲ್ಲಿ ನಮ್ಮ ರೋಗದ ಎರಡು ಹೆಸರುಗಳೂ ತೇರ್ಗಡೆಯಾಗುವುದಿಲ್ಲ. ಈ ಎಚ್ಚರಿಕೆಗೆ ಆಧಾರವಿಲ್ಲದಿಲ್ಲ. 1958ರಲ್ಲಿ ಕೋಪನ್‌ಹೇಗನ್ನಿನ ಪ್ರಯೋಗಾಲಯದ ಮಂಗಗಳಲ್ಲಿ ಕಂಡದ್ದರಿಂದ ಹೆಸರು ಪಡೆದ ಮಂಕಿಪಾಕ್ಸ್ 2022ರಲ್ಲಿ ಹಬ್ಬಿದಾಗ ಬ್ರೆಜಿಲ್ಲಿನಲ್ಲಿ ಮಂಗಗಳ ಮೇಲೆ ಹಲ್ಲೆಗಳಾದವು. ಅದೇ ನವೆಂಬರಿನಲ್ಲಿ ಸಂಸ್ಥೆ 'ಎಂಪಾಕ್ಸ್' ಎಂಬ ಹೆಸರನ್ನು ಶಿಫಾರಸು ಮಾಡಿತು.

ಹಾಗೆಂದು ಎರಡೂ ಹೆಸರುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. 'ಕ್ಯಾಸನೂರು' ಇಂದು ಏನನ್ನೂ ತಿಳಿಸುವುದಿಲ್ಲ. ರೋಗವು 2012ರಲ್ಲಿ ಬಂಡೀಪುರದಲ್ಲಿ, ಅನಂತರ ವಯನಾಡು, ಗೋವಾ, ಸಿಂಧುದುರ್ಗಗಳಲ್ಲಿ ಕಾಣಿಸಿಕೊಂಡಿದೆ. 'ಮಂಗ' ಎಂಬುದು ಹಾಗಲ್ಲ. ಕಾಡಿನಲ್ಲಿ ಸತ್ತ ಮಂಗ ಕಂಡರೆ ತಿಳಿಸಿರಿ ಎಂದು ಆರೋಗ್ಯ ಇಲಾಖೆ ಪ್ರತಿ ಬೇಸಿಗೆಗೆ ಮುನ್ನ ಮಲೆನಾಡಿನವರಿಗೆ ಹೇಳುವ ಮಾತು ಆ ಹೆಸರಿನೊಳಗೇ ಅಡಗಿದೆ. ಮಂಗ ಸತ್ತಲ್ಲಿ ಅದರ ಮೈಯಿಂದ ಇಳಿದ ಉಣುಗುಗಳಿರುತ್ತವೆ. ಸೌದೆಗೋ ತರಗಿಗೋ ಹೋದವರು ಅಲ್ಲಿಗೆ ಕಾಲಿಡಬಾರದು.