ತಮಟೆಯ ನಡೆಗತ್ತು

ಮೆರವಣಿಗೆಯ ನಡಿಗೆಗೆ ಗತ್ತು ಕಟ್ಟುವುದೂ ಒಂದು ರಚನಾಕಾರ್ಯವೆಂಬುದನ್ನು ನಮ್ಮ ಸಂಗೀತ ಚರಿತ್ರೆಗಳು ಒಪ್ಪಿಕೊಂಡಂತೆ ಕಾಣುವುದಿಲ್ಲ. ಮೈಸೂರು ಅರಮನೆಯ ಬ್ಯಾಂಡು ನುಡಿಸಿದುದು ಪಾಶ್ಚಾತ್ಯ ಸ್ವರಲಿಪಿಯಲ್ಲಿತ್ತು. ಆದಕಾರಣ ಅದು ಚರಿತ್ರೆಯ ವಸ್ತುವಾಯಿತು. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ತಮಟೆಯ ಗತ್ತುಗಳಾದರೋ ಕೈಯಿಂದ ಕೈಗೆ ಸಂದುವು. ಲಿಪಿಯಿಲ್ಲವೆಂದ ಮಾತ್ರಕ್ಕೆ ರಚನೆಯಿಲ್ಲವೆನ್ನಬಹುದೇ?

ವಾದ್ಯವನ್ನೇ ಮೊದಲು ನೋಡೋಣ. ಬಳೆಯಾಕಾರದ ಚೌಕಟ್ಟಿಗೆ ಬಿಗಿದ ಚರ್ಮ. ನುಡಿಸುವ ಮುನ್ನ ಅದನ್ನು ಬೆಂಕಿಗೆ ಕಾಯಿಸಿ ಹದಗೊಳಿಸುವುದು ಪದ್ಧತಿ. ಗಡಿಯಾಚೆಯ ತೆಲುಗರ ಡಪ್ಪು ಇದರ ಬಂಧು. ಗಿಡ್ಡನೆಯ ದಪ್ಪ ಕೋಲು ತುಂಬುನಾದವನ್ನೂ ಉದ್ದನೆಯ ತೆಳುಗಡ್ಡಿ ಚುರುಕುನಾದವನ್ನೂ ಹೊರಡಿಸುತ್ತವೆ. ವಾದ್ಯವು ಹೆಗಲಿನಿಂದ ತೂಗುವುದರಿಂದ ವಾದಕನು ನಡೆಯಬಲ್ಲನು, ಕುಣಿಯಬಲ್ಲನು. ಸೂಕ್ಷ್ಮವಿರುವುದು ಇಲ್ಲಿಯೇ. ಹೆಜ್ಜೆಗೊಂದು ಎಣಿಕೆಯಾದರೆ, ನಾಲ್ಕೆಣಿಕೆಯ ಗತ್ತಿನ ಪ್ರತಿ ಆವರ್ತನವೂ ಒಂದೇ ಕಾಲಿನಿಂದ ಮೊದಲಾಗುತ್ತದೆ. ಮೂರೆಣಿಕೆಯದರ ಮೊದಲ ಪೆಟ್ಟು ಒಮ್ಮೆ ಎಡಗಾಲಿಗೆ, ಮರುಸಲ ಬಲಗಾಲಿಗೆ ಬೀಳುತ್ತದೆ. ದೇಹವು ಆ ಮಗ್ಗುಲಿಗೂ ಈ ಮಗ್ಗುಲಿಗೂ ತೂಗಿ ನಡಿಗೆಯೇ ಕುಣಿತವಾಗುತ್ತದೆ. ಕೆಲವರು ಮೂಲಗತ್ತನ್ನು ಹಿಡಿದಿರಲು ಮತ್ತೊಬ್ಬನು ನಡುವಣ ಎಡೆಗಳನ್ನು ತುಂಬುವಾಗ, ಗತಿ ಕೆಡದಂತೆ ಇದೆಲ್ಲವನ್ನು ಹವಣಿಸುವುದು ಕಾಗದದ ಮೇಲೆ ಬರೆಯುವವನ ಕೆಲಸಕ್ಕಿಂತ ಸುಲಭವೆಂದು ನಮಗೆ ತೋರುವುದಿಲ್ಲ.

ಹಾಗಾದರೆ ರಚಿಸಿದವರ ಹೆಸರುಗಳೇಕೆ ಉಳಿಯಲಿಲ್ಲ? ಲಿಪಿಯ ಅಭಾವವೊಂದೇ ಇದಕ್ಕೆ ಕಾರಣವಲ್ಲ. ತಮಟೆಯು ಬಹುಕಾಲ ಅಸ್ಪೃಶ್ಯರೆನಿಸಿದ ಜಾತಿಗಳ ಮೇಲೆ ಹೊರಿಸಿದ ಊಳಿಗವಾಗಿತ್ತು. ಜಾತ್ರೆಗೆ, ಶವಯಾತ್ರೆಗೆ, ಊರಿನಲ್ಲಿ ಸಾರುವುದಕ್ಕೆ ಅವರು ಬಾರಿಸಲೇಬೇಕು. ದೇವರ ಮುಂದೆ ನುಡಿಸಿದವನಿಗೆ ಗುಡಿಯೊಳಗೆ ಪ್ರವೇಶವಿಲ್ಲ. ಊಳಿಗವೆಂದು ಕಂಡುದರಲ್ಲಿ ಕರ್ತೃವನ್ನು ಯಾರು ಹುಡುಕುತ್ತಾರೆ? ತೋಟಿ ಮೊದಲಾದ ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು ರದ್ದುಪಡಿಸಿದ ಶಾಸನ 1961ರದು. ರೂಢಿಯು ಅಷ್ಟು ಬೇಗ ತೊಲಗಲಿಲ್ಲ. 1970ರ ದಶಕದಿಂದೀಚೆಗೆ ದಲಿತ ಚಳವಳಿಯಲ್ಲಿ ಕಡ್ಡಾಯದ ತಮಟೆಯನ್ನು ನಿರಾಕರಿಸಿದವರೂ ಉಂಟು, ಅದೇ ತಮಟೆಯನ್ನು ಜಾಥಾದ ಮುಂದೆ ಹಿಡಿದವರೂ ಉಂಟು. ಇವರನ್ನು ಪರಸ್ಪರ ವಿರೋಧಿಗಳೆಂದು ಎಣಿಸುವುದು ಸರಿಯಲ್ಲ. ಯಾರ ಅಪ್ಪಣೆಯ ಮೇರೆಗೆ ಬಾರಿಸಬೇಕು ಎಂಬುದೇ ಇಬ್ಬರ ಪ್ರಶ್ನೆಯೂ ಆಗಿತ್ತು.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆವಾದಕ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ವಾದಕನ ಹೆಸರು ಹೀಗೆ ರಾಷ್ಟ್ರದ ದಾಖಲೆಗೆ ಬಂದಿರುವಾಗ, ಗತ್ತುಗಳನ್ನು ಸಂಗ್ರಹಿಸಹೊರಡುವ ನಮ್ಮ ವಿದ್ಯಾರ್ಥಿಗಳು ಕೈಗಳೊಡನೆ ಕಾಲುಗಳನ್ನೂ ಚಿತ್ರೀಕರಿಸಿಕೊಳ್ಳಬೇಕು. ಯಾವ ಪೆಟ್ಟು ಯಾವ ಹೆಜ್ಜೆಗೆ ಬಿದ್ದಿತೆಂಬುದು ಬರಿಯ ಧ್ವನಿಮುದ್ರಣದಲ್ಲಿ ತಿಳಿಯುವಂತಹುದಲ್ಲ.